ಗಾಜು ಹಾಕಿಸಿದ ಮಾತು

ಮೊನ್ನೆ ಚನ್ನಗಿರಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಗೆ ಹೋಗಿದ್ದೆ. ಮೊಮ್ಮಗಳು ಬಿಡಿಸಿದ ನವಿಲಿನ ಚಿತ್ರಕ್ಕೆ ಗಾಜು ಹಾಕಿಸಬೇಕಿತ್ತು. ಅವಳು ನವಿಲು ಎಂದು ಹೇಳಿದ್ದರಿಂದ ಅದು ನವಿಲು; ನನ್ನ ಕಣ್ಣಿಗೆ ಛತ್ರಿ ಹಿಡಿದ ಕೋಳಿಯ ಹಾಗೆ ಕಂಡಿತ್ತು. ಆ ಮಾತನ್ನು ಅವಳ ಮುಂದೆ ಆಡುವ ಧೈರ್ಯ ನನಗಿಲ್ಲ. ಅಂಗಡಿಯ ತುಂಬ ಮರದ ಹೊಟ್ಟು, ವಾರ್ನಿಷ್ ವಾಸನೆ. ಆ ವಾಸನೆಗೂ ನನಗೂ ಹಳೆಯ ನಂಟು. ಅಂಗಡಿಯವನು ಅಳತೆ ತೆಗೆಯುವಷ್ಟು ಹೊತ್ತು ಸುಮ್ಮನಿರಲಾರದೆ, ಮೂಲೆಯಲ್ಲಿ ಒರಗಿಸಿಟ್ಟಿದ್ದ ಹಳೆಯ ಕಟ್ಟುಗಳನ್ನು ಸರಿಸಿ ಸರಿಸಿ ನೋಡುತ್ತಿದ್ದೆ. ಒಂದರ ಗಾಜಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರೆ ಅಕ್ಷರ ಕಂಡವು: ‘ಸೌಜನ್ಯಮೂರ್ತಿಗಳೇ, ಕರ್ತವ್ಯನಿಷ್ಠರೇ, ಬಡವರ ಪಾಲಿನ ಕಾಮಧೇನುವೇ...’

ಅಯ್ಯೋ ಶಿವನೇ! ನಾನೇ ಬರೆದದ್ದು.

“ಅದಾ ಸಾರ್?” ಎಂದ ಅಂಗಡಿಯವನು. “ಯಾರೋ ಮನೆ ಖಾಲಿ ಮಾಡೋವಾಗ ತಂದು ಹಾಕಿದ್ರು. ಕಟ್ಟು ಒಳ್ಳೆ ತೇಗದ್ದು ಐತೆ. ಒಳಗಿನ ಪೇಪರ್ ಬಿಸಾಕಿ ಬ್ಯಾರೆ ಫೋಟೋ ಹಾಕಾಕೆ ಇಟ್ಕಂಡೀನಿ. ನಿಮ್ ಕೋಳಿಗೆ ಇದೇ ಹಾಕ್ಲಾ?”

ಅವನ ಕಣ್ಣಿಗೂ ಅದು ಕೋಳಿಯೇ. “ಹಾಕಪ್ಪ” ಎಂದೆ. ನನ್ನ ಕಣ್ಣೆದುರೇ ಸೌಜನ್ಯಮೂರ್ತಿಗಳು, ಕಾಮಧೇನು ಎಲ್ಲ ಮುದುರಿಕೊಂಡು ಹೊಟ್ಟಿನ ಬುಟ್ಟಿಗೆ ಬಿದ್ದವು. ನಿಜ ಹೇಳಲೇ? ನನಗೆ ಒಂದಿಷ್ಟೂ ಬೇಸರವಾಗಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಬಂದೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ತನ್ನ ಕೈಚೀಲವನ್ನು ಸ್ವಲ್ಪ ಆಚೆ ಎಳೆದುಕೊಂಡಳು.

ಬಿನ್ನವತ್ತಳೆ ಎಂದರೇನೆಂದು ನಿಮ್ಮಲ್ಲಿ ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. ಊರಿಗೆ ಬಂದ ಅಧಿಕಾರಿಗೋ ಡಾಕ್ಟರಿಗೋ ಮೇಷ್ಟ್ರಿಗೋ ವರ್ಗವಾದರೆ, ಇಲ್ಲವೇ ನಿವೃತ್ತಿಯಾದರೆ, ಊರವರು ಸಭೆ ಸೇರಿ, ಹಾರ ಹಾಕಿ, ಅವರ ಗುಣಗಾನ ಮಾಡಿ ಅಚ್ಚು ಹಾಕಿಸಿದ ಒಂದು ಹಾಳೆಯನ್ನು ಗಟ್ಟಿಯಾಗಿ ಓದಿ, ಅದಕ್ಕೆ ಕಟ್ಟು ಹಾಕಿಸಿ ಕೈಗೆ ಕೊಡುತ್ತಿದ್ದರು. ಅವರು ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಕಡೆ ಇದು ಎಷ್ಟು ಬೆಳೆದಿತ್ತೆಂದರೆ, ಬಿನ್ನವತ್ತಳೆ ಇಲ್ಲದೆ ವರ್ಗವಾಗಿ ಹೋದವನನ್ನು ಏನೋ ತಪ್ಪು ಮಾಡಿ ಓಡಿಹೋದವನೆಂದೇ ಜನ ತಿಳಿಯುತ್ತಿದ್ದರು.

ನಾನು ಆಗ ಸಾಸ್ವೆಹಳ್ಳಿಯಿಂದ ಹೊಳೆಯ ದಿಕ್ಕಿಗೆ ನಡೆದರೆ ಸಿಗುವ ಒಂದು ಊರಿನಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಕನ್ನಡ ಹೇಳಿಕೊಡುತ್ತಿದ್ದೆ. ನನ್ನ ಬಾಯಿಗೂ ಕೈಗೂ ದೊಡ್ಡ ದೊಡ್ಡ ಮಾತುಗಳೆಂದರೆ ಪ್ರಾಣ. ‘ಮಳೆ ಬಂತು’ ಎಂದು ಹೇಳಿದರೆ ನನಗೆ ಹೊಟ್ಟೆ ತುಂಬುತ್ತಿರಲಿಲ್ಲ. ‘ವರುಣದೇವನ ಕೃಪಾಕಟಾಕ್ಷವಾಯಿತು’ ಎನ್ನಬೇಕು. ಮದುವೆಯಾದ ಹೊಸತರಲ್ಲಿ ಹೆಂಡತಿ ಹಾಲಮ್ಮನಿಗೆ ನ್ಯಾಮತಿಯ ಅವಳ ತೌರಿಗೆ ಒಂದು ಕಾಗದ ಬರೆದಿದ್ದೆ. ಅವಳು ಅದನ್ನು ಓದಿ, ‘ಯಾರಾದ್ರೂ ಸತ್ತಾರಾ?’ ಎಂದು ಗಾಬರಿಯಾಗಿ ಮರುದಿನವೇ ಅಣ್ಣನನ್ನು ಕಳಿಸಿದ್ದಳು. ಪ್ರೇಮಪತ್ರ ಅದು, ನೋಡಿ.

ಇಂಥವನ ಕೈಗೆ ಬಿನ್ನವತ್ತಳೆ ಸಿಕ್ಕಿದರೆ ಕೇಳಬೇಕೇ? ಮೊದಲು ಬರೆದದ್ದು ಶೇಕದಾರರಿಗೆ, ಅಂದರೆ ರೆವಿನ್ಯೂ ಇನ್ಸ್‌ಪೆಕ್ಟರಿಗೆ. ಅವರು ಹೋಗುತ್ತಾರೆಂಬ ಸಂತೋಷಕ್ಕೇ ಊರಿನವರು ಸಮಾರಂಭ ಇಟ್ಟುಕೊಂಡದ್ದು. ಆದರೂ ನಾನು ಅವರನ್ನು ಕಾಮಧೇನು ಎಂದೆ. ಚಪ್ಪಾಳೆ ಬಿತ್ತು. ಅಲ್ಲಿಂದ ಹಿಡಿದದ್ದು ನೋಡಿ, ನನ್ನ ಕೀರ್ತಿ. ಹೊನ್ನಾಳಿಯಿಂದ ಬಂದರು, ನ್ಯಾಮತಿಯಿಂದ ಬಂದರು, ನಲ್ಲೂರಿನವರೂ ಕೇಳಿಕೊಂಡು ಬಂದರು. ಒಮ್ಮೆ ಜಗಳೂರಿನಿಂದ ಒಬ್ಬರು ತಮ್ಮ ಪೋಸ್ಟ್ ಮಾಸ್ತರರಿಗೆ ಬರೆಸಿಕೊಂಡು ಹೋಗಲು ಬಂದಿದ್ದರು. ಅಭ್ಯಾಸಬಲದಿಂದ ‘ತುಂಗಭದ್ರೆಯ ನಿರ್ಮಲ ಜಲದಂತೆ ಹರಿದ ತಮ್ಮ ಸೇವೆ’ ಎಂದು ಬರೆದುಬಿಟ್ಟೆ. ಆಮೇಲೆ ನೆನಪಾಗಿ, “ನಿಮ್ಮ ಕಡೆ ಹೊಳೆ ಇಲ್ಲ ಅಲ್ಲವೇ? ಹೊಡೆದುಹಾಕಲೇ?” ಎಂದು ಕೇಳಿದೆ.

“ಇರ್ಲಿ ಬಿಡ್ರಿ ಮೇಷ್ಟ್ರೆ. ಹೊಳೆ ಇಲ್ದಿದ್ರೇನು, ಕೇಳಾಕೆ ತಂಪಾಗಿರ್ತೈತೆ” ಎಂದರು ಅವರು.

ಹೊನ್ನಾಳಿಯಲ್ಲಿ ಮೀರಾಸಾಬರ ಪ್ರೆಸ್ಸು ಇತ್ತು. ಆಗೆಲ್ಲ ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಅಚ್ಚು ಹಾಕುವ ಕಾಲ. ಒಂದು ಕೆಲಸ ಮುಗಿದ ಮೇಲೆ ಮೊಳೆಗಳನ್ನು ಬಿಚ್ಚಿ ಮತ್ತೆ ಅವುಗಳ ಮನೆಗಳಲ್ಲಿ ಹಾಕಿಡಬೇಕು. ಒಂದು ದಿನ ಮೀರಾಸಾಬರು ನಗುತ್ತ ಹೇಳಿದರು: “ಮೇಷ್ಟ್ರೆ, ನಿಮ್ದು ನಾನು ಬಿಚ್ಚೋದೇ ಬಿಟ್ಟೀನಿ. ಹಂಗೇ ದಾರ ಕಟ್ಟಿ ಇಟ್ಟಿರ್ತೀನಿ. ಸಾಹೇಬ್ರ ಹೆಸರು, ಊರು ಕೊಡ್ರಿ, ಅಷ್ಟು ಬದಲಾಯಿಸಿದ್ರೆ ಆತು.” ನಾನು ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡು ಅವರಿಗೆ ಟೀ ಕುಡಿಸಿದೆ.

ಹೀಗೆ ದಾರ ಕಟ್ಟಿಟ್ಟದ್ದರ ಫಲವಾಗಿ ಒಂದು ಅನಾಹುತವೂ ಆಯಿತು. ಹೆಡ್‌ಮಾಸ್ತರರಿಗೆ ಬರೆದ ‘ಸಾವಿರಾರು ಮಕ್ಕಳಿಗೆ ಅಕ್ಷರದ ಬೆಳಕು ತೋರಿದವರೇ’ ಎಂಬ ಸಾಲು ಹಾಗೇ ಉಳಿದುಹೋಗಿ ದನದ ಡಾಕ್ಟರ ಬಿನ್ನವತ್ತಳೆಯಲ್ಲಿ ಬಂದಿತು. ಸಭೆಯಲ್ಲಿ ಓದುತ್ತ ಓದುತ್ತ ಆ ಸಾಲಿಗೆ ಬಂದಾಗಲೇ ನನಗೆ ಗೊತ್ತಾದದ್ದು. ಬೆವರು ಕಿತ್ತುಕೊಂಡಿತು. ಆದರೆ ಒಬ್ಬರಾದರೂ ನಗಬೇಕೇ? ಒಬ್ಬರಾದರೂ ತಲೆ ಎತ್ತಬೇಕೇ? ಎಲ್ಲರೂ ಅವರವರ ಪಾಡಿಗೆ ಮಾತಾಡುತ್ತಿದ್ದರು. ದನದ ಡಾಕ್ಟರಂತೂ ಎರಡೂ ಕೈ ಹಿಡಿದುಕೊಂಡು, “ಬಹಳ ಚೆನ್ನಾಗಿತ್ತು ಮೇಷ್ಟ್ರೆ” ಎಂದರು. ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದು ಅವತ್ತೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಗಂಡಾಂತರ ತಪ್ಪಿತು ಎಂದು ಹಿಗ್ಗಿದೆ.

ಈಗ ರತ್ನಮ್ಮನವರ ವಿಷಯಕ್ಕೆ ಬರುತ್ತೇನೆ. ಬರೆಯಲು ಕೂತದ್ದೇ ಅವರಿಗಾಗಿ.

ರತ್ನಮ್ಮನವರು ನಮ್ಮ ಊರಿನ ಹೆರಿಗೆ ನರ್ಸು. ಜಗಳೂರು ಕಡೆಯವರು, ದಲಿತ ಮನೆತನದವರು. ಅವರ ಬಾಡಿಗೆ ಕೋಣೆಯ ಗೋಡೆಯ ಮೇಲೆ ಒಂದು ಕ್ಯಾಲೆಂಡರು, ಒಂದು ಬುದ್ಧನ ಪಟ. ಅವರ ತಂದೆಯ ಕಾಲದಿಂದಲೇ ಮನೆಯವರೆಲ್ಲ ಬುದ್ಧನ ಕಡೆಗೆ ಬಂದವರಂತೆ. ಗಟ್ಟಿ ಆಳು, ಗಟ್ಟಿ ಗಂಟಲು. ಬುದ್ಧನ ಶಾಂತಿಯೆಲ್ಲ ಪಟದಲ್ಲೇ ಇತ್ತು, ಅವರ ಬಾಯಿಗೆ ಇಳಿದಿರಲಿಲ್ಲ. ಬಸುರಿ ಹೆಂಗಸರಿಗೆ ಅವರು ಕೊಡುತ್ತಿದ್ದ ಕೆಂಪು ಮಾತ್ರೆಗಳನ್ನು ನಮ್ಮೂರಿನವರು ಹಿತ್ತಿಲಿಗೆ ಎಸೆಯುತ್ತಿದ್ದರು. ರತ್ನಮ್ಮನವರು ನೇರ ಹಿತ್ತಿಲಿಗೇ ನುಗ್ಗಿ ಹುಡುಕಿ, “ನುಗ್ಗೆಗಿಡದ ಬುಡಕ್ಕೆ ಹಾಕೀಯಲ್ಲೇ, ನಿನ್ ಬದಲು ಗಿಡ ಹೆರ್ತೈತೇನೇ?” ಎಂದು ಕೂಗಿದರೆ ಬೀದಿಯ ಆ ತುದಿಗೆ ಕೇಳಿಸುತ್ತಿತ್ತು. ಅವರು ಶಾಲೆಯ ಗೇಟಿನ ಹತ್ತಿರ ಕಂಡರೆ ಸಾಕು, ಸೂಜಿ ಚುಚ್ಚಲು ಬಂದರೆಂದು ನನ್ನ ಅರ್ಧ ಕ್ಲಾಸು ಕಿಟಕಿ ಹಾರುತ್ತಿತ್ತು.

ಅವರಿಗೆ ವರ್ಗವಾಯಿತು. ಅವರೇ ಕೇಳಿ ಜಗಳೂರು ಕಡೆಗೆ ಹಾಕಿಸಿಕೊಂಡದ್ದು. ಆಗ ನಮ್ಮದು ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು; ಜಿಲ್ಲೆ ದಾಟಿ ಹೋಗುವುದೆಂದರೆ ಮತ್ತೆ ಸಿಗುವುದಿಲ್ಲ ಎಂದೇ ಅರ್ಥ. ಊರಿನ ಹೆಂಗಸರು ತಾವಾಗಿಯೇ ಪಂಚಾಯಿತಿ ಚೇರ್ಮನ್ ರುದ್ರಪ್ಪನವರ ಮನೆಗೆ ಹೋಗಿ, ಗಂಡಸು ಅಧಿಕಾರಿಗಳಿಗೆಲ್ಲ ಮಾಡಿದಂತೆ ರತ್ನಮ್ಮನವರಿಗೂ ಬಿನ್ನವತ್ತಳೆ ಕೊಡಬೇಕೆಂದು ಪಟ್ಟು ಹಿಡಿದರು. ಹಾಲಮ್ಮ ಆ ಗುಂಪಿನಲ್ಲಿ ಮುಂದೆ ಇದ್ದಳು. ಮನೆಗೆ ಬಂದವಳೇ, “ನೀವು ಬರೀಬೇಕು. ಚೆನ್ನಾಗಿ ಬರೀರಿ” ಎಂದಳು.

“ಅದೇನು ಮಹಾ” ಎಂದೆ. ಅವಳು ಕಾಫಿ ತರುವಷ್ಟರಲ್ಲಿ ಬರೆದು ಮುಗಿಸಿದ್ದೆ.

ಹಾಲಮ್ಮ ಹಜಾರದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಎದ್ದು ನಿಂತು, ಸಭೆಯಲ್ಲಿ ಓದುವ ಧಾಟಿಯಲ್ಲೇ ಓದಿದೆ. ಕರುಣಾಮಯಿ, ಸೇವಾಧುರಂಧರೆ, ನಿರ್ಮಲ ಜಲ, ಆಯುರಾರೋಗ್ಯ ಐಶ್ವರ್ಯ ಎಲ್ಲ ಬಂದವು. ಅವಳು ಕೈಯಲ್ಲಿದ್ದ ಹಣ್ಣನ್ನು ಮೊರದ ಮೇಲೆ ಇಟ್ಟಳು.

“ರೀ, ಇದು ಶೇಕದಾರ್ರುದಲ್ವಾ?”

“ಅವರದು ಹೇಗಾಗುತ್ತದೆ? ಕಾಮಧೇನು ತೆಗೆದಿದ್ದೇನೆ.”

“ಮಿಕ್ಕಿದ್ದು?”

ಹಾಲಮ್ಮನಿಗೆ ಕೋಪ ಬಂದರೆ ಧ್ವನಿ ಏರುವುದಿಲ್ಲ, ಇಳಿಯುತ್ತದೆ. ಇಳಿದ ಧ್ವನಿಯಲ್ಲಿ ಹೇಳಿದಳು: “ಊರು ಬಿಟ್ಟು ಹೋದ್ರೆ ಸಾಕು ಅಂತ ನಾವು ಕೈ ಮುಗುದೋರಿಗೆಲ್ಲ ಹೇಳಿದ ಮಾತು ಇವು. ಬ್ಯಾರೇರು ಉಟ್ಟು ಬಿಟ್ಟಿದ್ದ ಸೀರೆ ಒಗೆದು ಮಡಚಿ ಆಯಮ್ಮನಿಗೆ ಉಡಿ ತುಂಬ್ತೀರಾ? ನನ್ ಜೀವ ಉಳಿಸಿದೋರಿಗೆ?”

ಚುಚ್ಚಿತು. ಬಹಳ ಚುಚ್ಚಿತು. ಸರಿ, ತಿದ್ದುತ್ತೇನೆಂದು ಹಾಳೆ ಹಿಡಿದು ಅವಳ ಪಕ್ಕದಲ್ಲೇ ಕೂತೆ. ನಾನು ಒಂದೊಂದೇ ಮಾತು ಓದುವುದು, ಅವಳು, “ಇದನ್ನ ಬ್ಯಾರೆ ಯಾರಿಗಾದ್ರೂ ಹೇಳಿದ್ರಾ?” ಎಂದು ಕೇಳುವುದು. ಹೇಳಿದ್ದೇನೆ ಎಂದರೆ ಹೊಡೆದುಹಾಕು. ‘ಕರುಣಾಮಯಿ’ ಬ್ಯಾಂಕ್ ಮ್ಯಾನೇಜರಿಗೆ ಹೋಗಿತ್ತು. ‘ಸೇವಾಧುರಂಧರ’ ಕರೆಂಟಿನ ಆಫೀಸಿನವರಿಗೆ. ‘ಅಜಾತಶತ್ರು’ ಫಾರೆಸ್ಟಿನವರಿಗೆ, ಪಾಪ, ಅವರ ಮೇಲೆ ಇಬ್ಬರು ಕೈ ಮಾಡಿದ್ದರು. ‘ಅತ್ಯಂತ’, ‘ಹೃತ್ಪೂರ್ವಕ’, ‘ಅವಿಸ್ಮರಣೀಯ’ ಇವು ಯಾರಿಗೆ ಹೋಗಿರಲಿಲ್ಲ ಹೇಳಿ! ಕೊನೆಗೆ ಹಾಳೆಯ ಮೇಲೆ ಉಳಿದದ್ದು ಮೇಲೆ ‘ಮಾನ್ಯರೇ’, ಕೆಳಗೆ ‘ಇಂತಿ ಊರಿನವರು’. ಹಾಲಮ್ಮ ‘ಮಾನ್ಯರೇ’ಯನ್ನೂ ಅನುಮಾನದಿಂದ ನೋಡುತ್ತಿದ್ದಳು.

ನನಗೆ ಆ ಹೊತ್ತು ನಿಜವಾಗಿ ಹೆದರಿಕೆಯಾಯಿತು. ಇಷ್ಟು ವರ್ಷ ಬರೆದವನು, ತಾಲ್ಲೂಕಿಗೆಲ್ಲ ಹೆಸರಾದವನು, ಆ ಮಾತುಗಳನ್ನು ಕಿತ್ತುಕೊಂಡರೆ ನನ್ನ ಹತ್ತಿರ ಹೇಳಲು ಏನೂ ಇಲ್ಲವಲ್ಲ! ನಾಡಿದ್ದು ಸಭೆ. ರತ್ನಮ್ಮನವರು ಬರಿಗೈಯಲ್ಲಿ ಹೋಗಬೇಕು, ಇಲ್ಲವೇ ಶೇಕದಾರರ ಮಾತು ಹೊತ್ತುಕೊಂಡು ಹೋಗಬೇಕು.

“ಆಯಮ್ಮ ಏನು ಮಾಡಿದ್ರು ಅದನ್ನ ಬರೀರಿ” ಎಂದಳು ಹಾಲಮ್ಮ. “ನಿಮಗೆ ಗೊತ್ತಿಲ್ವಾ? ನೀವು ಬಾಗಿಲಾಗೇ ನಿಂತಿದ್ರಲ್ಲ.”

ನಿಂತಿದ್ದೆ. ನಮ್ಮ ಮೊದಲ ಮಗಳು ಹುಟ್ಟಿದ ದಿನ. ಮಳೆ ಹಿಡಿದು ಊರಾಚೆಯ ಹಳ್ಳ ತುಂಬಿತ್ತು. ರತ್ನಮ್ಮನವರು ಆಚೆಯ ಹಳ್ಳಿಗೆ ಹೋದವರು, ಸುದ್ದಿ ತಿಳಿದು ಸೀರೆ ಎತ್ತಿಕಟ್ಟಿ, ತಗಡಿನ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಹಳ್ಳ ದಾಟಿ ಬಂದರು. ಬಂದವರೇ ಎಲ್ಲರನ್ನೂ ಬೈದು ಕೋಣೆಯಿಂದ ಆಚೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಮಗು ಹುಟ್ಟಿತು, ಅಳಲಿಲ್ಲ. ಹಾಲಮ್ಮನಿಗೆ ರಕ್ತ ನಿಲ್ಲುತ್ತಿಲ್ಲ, ಮಗುವಿಗೆ ಉಸಿರಿಲ್ಲ. ಬಾಗಿಲ ಸಂದಿನಿಂದ ನನಗೆ ಕಂಡದ್ದು ರತ್ನಮ್ಮನವರ ಬೆನ್ನು ಮಾತ್ರ. ಆ ಬೆನ್ನು ಅತ್ತ ತಿರುಗುತ್ತಿತ್ತು, ಇತ್ತ ತಿರುಗುತ್ತಿತ್ತು, ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ. ಎಷ್ಟು ಹೊತ್ತಾಯಿತೋ, ಮಗು ಕಿರ್ ಎಂದಿತು. “ಬಂದ್ಲು ನೋಡು ಜಗಳಗಂಟಿ!” ಎಂದರು ರತ್ನಮ್ಮ. ಆ ಜಗಳಗಂಟಿಯ ಮಗಳೇ ಈಗ ನವಿಲು ಬಿಡಿಸುವವಳು. ಆಮೇಲೆ ಹಾಲಮ್ಮನ ಹತ್ತಿರ ಕೂತವರು ಅವಳು ಗಂಜಿ ಕುಡಿದು ಮಾತಾಡುವವರೆಗೂ ಏಳಲಿಲ್ಲ.

ಎದ್ದು ಹೊರಗೆ ಬಂದ ಮೇಲೆ ಏನಾಯಿತು? ನಮ್ಮ ಅವ್ವ ಅವರನ್ನು ಜಗುಲಿಯ ಮೇಲೆ ಕೂರಿಸಿದಳು. ಹೆರಿಗೆಯ ಹೊತ್ತಿಗೆ ಒಳಗೆ, ಹೆರಿಗೆ ಮುಗಿದ ಮೇಲೆ ಜಗುಲಿಗೆ. ಊರಿನ ಎಷ್ಟೋ ಮನೆಗಳಲ್ಲಿ ಅದೇ ಪದ್ಧತಿ. ಜಗುಲಿಯ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ಲೋಟ ಬೇರೆಯಾಗಿ ಬೋರಲು ಹಾಕಿರುತ್ತಿತ್ತು. ಅವ್ವ ಅದಕ್ಕೆ ಮೇಲಿನಿಂದ ಕಾಫಿ ಹೊಯ್ದಳು. ಮೊಮ್ಮಗಳನ್ನು ಉಳಿಸಿಕೊಟ್ಟವರೆಂದು ಕಣ್ಣಲ್ಲಿ ನೀರು ಬೇರೆ ಹಾಕುತ್ತಿದ್ದಳು. ಆ ನೀರೂ ನಿಜವೇ, ಲೋಟವೂ ನಿಜವೇ. ರತ್ನಮ್ಮನವರು ಕುಡಿದರು. ಲೋಟವನ್ನು ತಾವೇ ತೊಳೆದು, ಅದರ ಜಾಗದಲ್ಲಿ ಬೋರಲು ಹಾಕಿ, ಪೆಟ್ಟಿಗೆ ಎತ್ತಿಕೊಂಡು ಹೋದರು. ಮುಂದಿನ ಹೆರಿಗೆಯ ಹೊತ್ತಿಗೆ ಹಾಲಮ್ಮ ಗಟ್ಟಿಯಾಗಿದ್ದಳು. ಒಳಗೆ ಕೂರಿಸಿ ನಮ್ಮ ಲೋಟದಲ್ಲೇ ಕೊಟ್ಟಳು. ಅವ್ವ ಗೊಣಗಿ ಸುಮ್ಮನಾದಳು. ಆದರೆ ಆ ಮೊದಲ ದಿನದ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಮಾತಾಡಿರಲಿಲ್ಲ. ಹುಣಸೆಹಣ್ಣಿನ ಮೊರದ ಮುಂದೆ ಕೂತು ಅವತ್ತೇ ಮೊದಲ ಸಲ ಆಡಿದ್ದು.

“ಒಳಗೆ ಮಲಗಿದ್ದೆ, ಎಲ್ಲಾ ಕಾಣ್ತಿತ್ತು” ಎಂದಳು ಹಾಲಮ್ಮ. “ಅದನ್ನೂ ಬರೀರಿ.”

ಬರೆದೆ. ಹೊಸ ಹಾಳೆಯಲ್ಲಿ ಹೀಗೆ ಬಂತು:

‘ರತ್ನಮ್ಮನವರೇ, ಕರೆದಾಗಲೆಲ್ಲ ನೀವು ಬಂದಿರಿ. ಹಳ್ಳ ತುಂಬಿದಾಗಲೂ ಬಂದಿರಿ. ಬಂದವರು ಮಗು ಅಳುವವರೆಗೆ, ತಾಯಿ ಮಾತಾಡುವವರೆಗೆ ಏಳಲಿಲ್ಲ. ನಿಮ್ಮನ್ನು ಜಗುಲಿಯ ಮೇಲೆ ಕೂರಿಸಿದ ಮನೆಗಳಿಗೂ ಮತ್ತೆ ಕರೆದಾಗ ಬಂದಿರಿ. ನಮ್ಮ ಮಕ್ಕಳನ್ನು ನಮಗಿಂತ ಮೊದಲು ಎತ್ತಿಕೊಂಡವರು ನೀವು. ಅವರು ದೊಡ್ಡವರಾದ ಮೇಲೆ ಇದನ್ನು ಅವರಿಗೆ ಹೇಳುತ್ತೇವೆ.’

ಅಷ್ಟೇ. ಬರೆದು ನೋಡಿದರೆ ಪುಟ ಬೋಳು ಬೋಳು. ಅಂಗಿ ಹಾಕಿಕೊಳ್ಳದೆ ಸಂತೆಗೆ ಹೊರಟ ಹಾಗೆ ಅನ್ನಿಸಿತು. ಹಾಲಮ್ಮನಿಗೆ ಓದಿದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನ ಬರವಣಿಗೆಗೆ ಅವಳು ಅತ್ತದ್ದು ಅದೇ ಮೊದಲು; ಹುಣಸೆಹಣ್ಣಿನ ಕೈ ಕಣ್ಣಿಗೆ ತಾಗಿರಬೇಕೆಂದು ನನಗೆ ಅನುಮಾನ.

ಚೇರ್ಮನ್ ರುದ್ರಪ್ಪನವರು ಓದಿದರು. ಹಾಳೆ ತಿರುಗಿಸಿ ಹಿಂದೆ ನೋಡಿದರು.

“ಮಿಕ್ಕಿದ್ದು ಎಲ್ಲೈತೆ ಮೇಷ್ಟ್ರೆ?”

“ಇಷ್ಟೇ. ಬೇಡದ ಮಾತೆಲ್ಲ ತೆಗೆದಿದ್ದೇನೆ.”

“ಇಷ್ಟೇನಾ! ಶುರುನೇ ಆಗಿಲ್ಲ, ಮುಗುದೇ ಹೋತಲ್ರೀ. ಕಟ್ಟಿಗೆ ಅಳತೆ ಕೊಟ್ಟಾಗೈತೆ, ಈ ಅಗಲ. ಸುತ್ತ ಇಷ್ಟು ಬಯಲು ಬಿಟ್ರೆ ಜೋಳ ಬಿತ್ತಬಹುದು.”

ನಗುತ್ತಲೇ ಇದ್ದರು. ಮತ್ತೊಮ್ಮೆ ಓದುತ್ತ ಅವರ ಬೆರಳು ಒಂದು ಕಡೆ ನಿಂತಿತು. ನಗು ಹೋಯಿತು. “ಇದ್ಯಾಕೆ, ಈ ಜಗುಲಿ ಮಾತು? ಇದೊಂದು ತಗೀರಿ. ಬ್ಯಾಡದ ಮಾತೆಲ್ಲ ತಗದೀನಿ ಅಂತ ನೀವೇ ಅಂತೀರಿ. ಇದರಂಥ ಬ್ಯಾಡದ ಮಾತು ಇನ್ನೊಂದಿಲ್ಲ. ಸಂತೋಷದ ಹೊತ್ತಿನಾಗೆ ಯಾರ್ನ ಯಾಕೆ ನೋಯಿಸಬೇಕು?”

ಅವರು ಕೆಟ್ಟವರಲ್ಲ. ಶಾಲೆಗೆ ಹೆಂಚು ಹಾಕಿಸಿಕೊಟ್ಟವರು, ನನ್ನ ಮೇಲೆ ಪ್ರೀತಿ ಇದ್ದವರು. ಅವರ ಮಾತು ನನಗೆ ಸರಿಯೆನಿಸತೊಡಗಿತು. ಹೌದು, ಒಂದು ಸಾಲು ತಾನೇ? ಅದಿಲ್ಲದಿದ್ದರೂ ಉಳಿದದ್ದು ಚೆನ್ನಾಗಿಯೇ ಇದೆ. ನೋಡುತ್ತೇನೆಂದು ಹಾಳೆ ತೆಗೆದುಕೊಂಡು ಮನೆಗೆ ಬಂದು ಪೆನ್ನು ತೆರೆದೆ.

“ತಗೀರಿ” ಎಂದಳು ಹಾಲಮ್ಮ, ನನ್ನ ಮುಖ ನೋಡಿಯೇ. “ಅದರ ಜೊತೆಗೆ ಎಲ್ಲಾನೂ ತಗೀರಿ. ಶೇಕದಾರ್ರುದನ್ನೇ ಓದ್ರಿ. ನಾನಂತೂ ಸಭೆಗೆ ಬರಲ್ಲ.”

ಆ ಸಾಲಿನ ಮೇಲೆ ಪೆನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಅಲ್ಲಿಯವರೆಗೆ ಹೊಡೆದುಹಾಕಿದ್ದ ಮಾತುಗಳನ್ನು ಯಾರ ಮುಂದೆ ಓದಿದರೂ ಯಾರೂ ತಲೆ ಎತ್ತಿರಲಿಲ್ಲ. ಇದೊಂದು ಸಾಲಿಗೆ ಚೇರ್ಮನ್ನರ ಬೆರಳು ನಿಂತಿತ್ತು. ಹಾಗಾದರೆ ಅವರು ಕೇಳಿಸಿಕೊಂಡಿದ್ದರು! ನಾನು ಇಷ್ಟು ವರ್ಷ ಬರೆದದ್ದರಲ್ಲಿ ಒಬ್ಬರು ನಿಜವಾಗಿ ಕೇಳಿಸಿಕೊಂಡ ಒಂದೇ ಸಾಲು ಇದು. ಅದನ್ನೇ ತೆಗೆಯಲು ಹೊರಟಿದ್ದೆ. ‘ಕೂರಿಸಿದ ಮನೆಗಳಿಗೂ’ ಎಂಬಲ್ಲಿ ‘ಕೂರಿಸಿದ ನಮ್ಮ ಮನೆಗಳಿಗೂ’ ಎಂದು ತಿದ್ದಿ, ಮತ್ತೆ ಚೇರ್ಮನ್ನರ ಮನೆಗೆ ಹೋದೆ.

“ಇನ್ನೊಂದು ಮಾತು ಸೇರಿಸ್ಕಂಡು ಬಂದೀರಲ್ರೀ!” ಎಂದರು. “ಯಾರ್ ಮನೆ, ಯಾರ್ ಮನೆ ಅಂತ ಜನ ಕೇಳಾಕೆ ಹತ್ತಿದ್ರೆ?”

“ಮೇಷ್ಟ್ರ ಮನೆ ಅಂತ ಹೇಳಿ” ಎಂದೆ. “ನಮ್ಮ ಅವ್ವ ಕೂರಿಸಿದ್ದು ನಾನೇ ನೋಡಿದ್ದೇನೆ.”

ರುದ್ರಪ್ಪನವರು ಎಲೆಯಡಿಕೆ ತಟ್ಟೆ ಎಳೆದುಕೊಂಡು ಸುಣ್ಣ ಹಚ್ಚುತ್ತ ಕೂತರು. ಹಚ್ಚಿದ್ದಕ್ಕೇ ಮತ್ತೆ ಹಚ್ಚುತ್ತಿದ್ದರು. ಕೊನೆಗೆ ನನ್ನ ಕಡೆ ನೋಡದೆ, “ನಮ್ಮನೆನೂ ಐತೆ ಬಿಡ್ರಿ” ಎಂದರು. “ಅಚ್ಚಿಗೆ ಕೊಡ್ರಿ.”

ಮೀರಾಸಾಬರು ದಾರ ಕಟ್ಟಿಟ್ಟದ್ದನ್ನು ತೆಗೆದುಕೊಂಡು ಕಾಯುತ್ತಿದ್ದರು. ನನ್ನ ಹಾಳೆ ಓದಿ, ಆ ಹಳೆಯ ಮೊಳೆಗಳ ಕಟ್ಟನ್ನು ಹಾಗೇ ಪಕ್ಕಕ್ಕೆ ಸರಿಸಿದರು. “ಇದಕ್ಕೆ ಹೊಸದಾಗೇ ಜೋಡಿಸ್ಬೇಕು. ದೊಡ್ಡ ಮೊಳೆ ಹಾಕ್ತೀನಿ” ಎಂದರು. ಬಯಲು ಅಷ್ಟಿಷ್ಟು ತುಂಬಿತು.

ಸಭೆ ಶಾಲೆಯ ಅಂಗಳದಲ್ಲಿ. ಅಷ್ಟು ಹೆಂಗಸರು ಒಂದು ಸಭೆಗೆ ಬಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ರತ್ನಮ್ಮನವರು ಹಾರ ಹಾಕಿಸಿಕೊಂಡು, ಎಂದಿಲ್ಲದ ಸಂಕೋಚದಿಂದ ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಾನು ಎದ್ದು ನಿಂತಾಗ ಜನ ರೂಢಿಯಂತೆ ಪಿಸಪಿಸ ಮಾತಿಗೆ ತೊಡಗಿದರು. ಮೇಷ್ಟ್ರು ಎದ್ದರೆ ಸುಮಾರು ಹೊತ್ತು ಬಿಡುವು ಎಂದು ಎಲ್ಲರಿಗೂ ಗೊತ್ತಿತ್ತು. ಓದಿದೆ. ಜಗುಲಿಯ ಸಾಲಿಗೆ ಬಂದಾಗ ಪಿಸುಮಾತು ನಿಂತಿತು. ಮುಂದಿನ ಎರಡು ಸಾಲು ಓದಿ ಮುಗಿಸಿದೆ. ಚಪ್ಪಾಳೆ ಇಲ್ಲ. ಮುಗಿಯಿತೆಂದೇ ಜನಕ್ಕೆ ಗೊತ್ತಾಗಿರಲಿಲ್ಲವೋ, ಏನೋ. ಕೆಟ್ಟೆ, ಆಯಮ್ಮನ ಸಂತೋಷದ ದಿನವನ್ನು ಹಾಳು ಮಾಡಿದೆ ಎಂದುಕೊಂಡೆ. ಹಾಲಮ್ಮನ ಕಡೆ ನೋಡಿದರೆ ಅವಳು ರತ್ನಮ್ಮನವರನ್ನೇ ನೋಡುತ್ತಿದ್ದಳು.

ರತ್ನಮ್ಮನವರು ಎದ್ದರು. ಕಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು, ನಿಂತುಕೊಂಡೇ ತಾವೊಮ್ಮೆ ಮೆಲ್ಲಗೆ ಓದಿಕೊಂಡರು.

“ನಂಗೆ ಭಾಷಣ ಮಾಡಾಕೆ ಬರಲ್ಲ, ಬೈಯಾಕೆ ಬರ್ತೈತೆ” ಎಂದರು. ಹೆಂಗಸರು ನಕ್ಕರು. “ಮೇಷ್ಟ್ರು ಎಲ್ಲಾ ಸಾಹೇಬ್ರಿಗೂ ಓದೋವಾಗ ನಾನು ಹಿಂದೆ ಕೂತು ಕೇಳ್ತಿದ್ದೆ. ನಂಗೂ ಅದೇ ಕಾಮಧೇನು ಬರ್ತೈತೆ, ತಲೆ ತಗ್ಗಿಸಿ ಕೂತ್ರೆ ಆತು ಅಂತ ಬಂದಿದ್ದೆ.” ಮತ್ತೆ ನಗು, ಎಲ್ಲರಿಗಿಂತ ಗಟ್ಟಿಯಾಗಿ ಚೇರ್ಮನ್ನರು. ರತ್ನಮ್ಮನವರು ನಗಲಿಲ್ಲ. ಗಾಜಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

“ಜಗುಲಿ ಮಾತು ನಾನು ಯಾರ ಹತ್ರನೂ ಹೇಳಿಲ್ಲ. ನಮ್ಮವ್ವನ ಹತ್ರನೂ ಹೇಳಿಲ್ಲ, ನೊಂದ್ಕಂತಾಳೆ ಅಂತ. ನಿಮಗ್ಯಾರಿಗೂ ಅದು ಕಂಡೇ ಇಲ್ಲ ಅಂದ್ಕಂಡಿದ್ದೆ.” ಹೆಂಗಸರ ಕಡೆ ನೋಡಿದರು. “ಕಂಡಿತ್ತು, ಅಲ್ವಾ?”

ಹೆಂಗಸರ ಗುಂಪಿನಿಂದ ಒಬ್ಬ ಅಜ್ಜಿ, “ಕಂಡಿತ್ತು ಕಣವ್ವ” ಎಂದಳು. ನಮ್ಮ ಅವ್ವ.

ರತ್ನಮ್ಮನವರು ಹಾರವನ್ನು ಕೊರಳಿನಿಂದ ತೆಗೆದು ಕುರ್ಚಿಯ ಮೇಲಿಟ್ಟು, ಇಳಿದು ಹೋಗಿ ಅವ್ವನ ಪಕ್ಕದಲ್ಲಿ ಚಾಪೆಯ ಮೇಲೆ ಕೂತರು. ಅಧ್ಯಕ್ಷರ ಭಾಷಣ, ವಂದನಾರ್ಪಣೆ ಎಲ್ಲ ಮುಗಿಯುವವರೆಗೂ ಅಲ್ಲೇ ಕೂತಿದ್ದರು. ಅವರಿಬ್ಬರೂ ಏನು ಮಾತಾಡಿಕೊಂಡರೆಂದು ಅವ್ವ ಕೊನೆಯವರೆಗೂ ನಮಗೆ ಹೇಳಲಿಲ್ಲ. ಕೇಳಿದರೆ, “ನಿನಗ್ಯಾಕೆ, ಅದನ್ನೂ ಅಚ್ಚು ಹಾಕಿಸ್ತೀಯೇನು?” ಎನ್ನುತ್ತಿದ್ದಳು.

ಆಮೇಲೆ ನನ್ನ ಹತ್ತಿರ ಬಿನ್ನವತ್ತಳೆ ಬರೆಸಲು ಬರುವವರು ಕಡಿಮೆಯಾದರು. ಬಂದವರಿಗೆ, “ಅವರು ನಿಮಗೆ ಏನು ಮಾಡಿದರು ಹೇಳಿ” ಎಂದು ನಾನು ಕೇಳುತ್ತಿದ್ದೆ. ಕೆಲವರು ಗಂಟೆಗಟ್ಟಲೆ ಹೇಳುತ್ತಿದ್ದರು. ಕೆಲವರು ತಲೆ ಕೆರೆದುಕೊಂಡು, ‘ಕೇಳ್ಕಂಡು ಬರ್ತೀವಿ’ ಎಂದು ಹೋದವರು ಇವತ್ತಿಗೂ ಬಂದಿಲ್ಲ. ನನಗೇನೂ ನಷ್ಟವಾಗಲಿಲ್ಲ. ಸಂಜೆಗಳು ಬಿಡುವಾದವು, ಹಾಲಮ್ಮನ ಜೊತೆ ಕೂತು ಮಾತಾಡಲು ಹೊತ್ತು ಸಿಕ್ಕಿತು, ಅವಳಿಗೆ ನನ್ನ ಕಾಗದಗಳು ಅರ್ಥವಾಗತೊಡಗಿದವು. ಸುಖವಾಗಿಯೇ ಇದ್ದೇನೆ.

ಇದನ್ನು ಬರೆದು ಮುಗಿಸಿ, ಈಗ ಕೂತು ತಿದ್ದುತ್ತಿದ್ದೇನೆ. ಸುಮಾರು ಹೊಡೆದುಹಾಕಿದೆ, ನೀವು ಬಚಾವು. ಅವ್ವನ ಲೋಟದ ಸಾಲುಗಳಿಗೆ ಬಂದಾಗ ಮಾತ್ರ ಕೈ ತಡೆಯಿತು. ಅವ್ವ ಹೋಗಿ ವರ್ಷಗಳಾದವು. ನಮ್ಮನ್ನೆಲ್ಲ ಸಾಕಿದವಳು, ತಾನು ಉಣ್ಣದೆ ಉಣ್ಣಿಸಿದವಳು. ಅವಳ ಮೊಮ್ಮಕ್ಕಳು, ಮರಿಮಕ್ಕಳು ಇದನ್ನು ಓದುತ್ತಾರೆ. ಸತ್ತವಳ ಮಾತು ಯಾಕೆ, ತೆಗೆದುಬಿಡೋಣ, ಓದಲು ಇನ್ನೂ ಹಗುರವಾಗುತ್ತದೆ ಎಂದು ಒಂದು ಗೆರೆಯನ್ನೂ ಎಳೆದೆ. ಆಮೇಲೆ, ಜಗಳೂರು ಕಡೆ ಎಲ್ಲೋ ಮುದುಕಿಯಾಗಿರುವ ರತ್ನಮ್ಮನವರ ಕೈಗೆ ಇದು ಸಿಕ್ಕಿ, ಕನ್ನಡಕ ಹಾಕಿಕೊಂಡು ಓದುತ್ತ ಆ ಜಾಗಕ್ಕೆ ಬಂದು, ಅಲ್ಲಿ ಏನೂ ಇಲ್ಲದ್ದನ್ನು ನೋಡಿದರೆ ಏನೆಂದುಕೊಳ್ಳುತ್ತಾರೆ ಎಂದು ಯೋಚನೆ ಬಂತು.

ಎಳೆದ ಗೆರೆ ಅಳಿಸಿ, ಆ ಸಾಲುಗಳನ್ನು ಮತ್ತೆ ಬರೆದೆ.